ಸೋತವನ ಮುಖ

ಕಳೆದ ಬೇಸಿಗೆಯಲ್ಲಿ ಇಳಕಲ್ಲಿನ ತಂಗಿ ಮನೆಗೆ ಹೋದಾಗ ಅವಳ ಮಗನನ್ನು ಜೊತೆಗೆ ಕರೆದುಕೊಂಡು ಕೂಡಲಸಂಗಮಕ್ಕೆ ಹೋಗಿದ್ದೆ. ಹುಡುಗ ಆಗಷ್ಟೇ ಪಿಯುಸಿ ಮುಗಿಸಿದ್ದ. ಹುನಗುಂದ ದಾಟುವವರೆಗೂ ಬಸ್ಸಿನಲ್ಲಿ ಮೊಬೈಲಿನಿಂದ ತಲೆ ಎತ್ತಲಿಲ್ಲ. ಇಣುಕಿ ನೋಡಿದರೆ '300' ಸಿನಿಮಾ. ಬರಿಮೈಯ ಗ್ರೀಕ್ ಯೋಧರು ಪೇಟ ಸುತ್ತಿದ, ಮುಖ ಮುಚ್ಚಿದ ಪರ್ಷಿಯನ್ನರನ್ನು ಸಾಲಾಗಿ ಬಂಡೆಯಿಂದ ಕೆಳಗೆ ತಳ್ಳುತ್ತಿದ್ದರು. ಹುಡುಗ ತೊಡೆ ತಟ್ಟಿ ಖುಷಿಪಟ್ಟ. ನಾನು ಏನೂ ಹೇಳಲಿಲ್ಲ.

ಸಂಗಮದಲ್ಲಿ ಐಕ್ಯ ಮಂಟಪ ನೋಡಲು ಬಾವಿಯಂಥ ದುಂಡು ಗೋಡೆಯೊಳಗೆ ಮೆಟ್ಟಿಲಿಳಿದು ಹೋಗಬೇಕು. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಮುಳುಗಿಸದಿರಲೆಂದು ಕಟ್ಟಿದ ಗೋಡೆ ಅದು. ಹೊರಗೆ ಕೃಷ್ಣೆಯ ನೀರು, ಒಳಗೆ ಬಸವಣ್ಣ ಐಕ್ಯನಾದನೆಂದು ಜನ ನಂಬಿರುವ ಜಾಗ. ಮೇಲೆ ಬಂದು ನೆರಳಿಗೆ ಕುಳಿತಾಗ ಹುಡುಗ ಕೇಳಿದ:

"ಮಾಮಾ, ಬಿಜ್ಜಳ ಅಂದ್ರ ಆ ಪಿಚ್ಚರ್‌ನಾಗಿನ ರಾಜನಂಗ ಇದ್ದನೇನು?"

ಅವನು ಹೇಳಿದ್ದು '300'ರ ಝರ್ಕ್ಸಿಸ್ ಬಗ್ಗೆ. ಮೈತುಂಬ ಸರಪಳಿ, ಮುಖತುಂಬ ಉಂಗುರ, ತಲೆ ಬೋಳು, ಸಾಮಾನ್ಯ ಮನುಷ್ಯನಿಗಿಂತ ಎಷ್ಟೋ ಎತ್ತರದ ಒಂದು ಆಕೃತಿ. ಕೆಟ್ಟ ರಾಜ ಎಂದರೆ ಹೀಗಿರುತ್ತಾನೆ ಎಂಬುದು ಹುಡುಗನ ತಲೆಯಲ್ಲಿ ಅಚ್ಚೊತ್ತಿಬಿಟ್ಟಿದೆ. ಈಗ ಅದೇ ಅಚ್ಚಿನಲ್ಲಿ ಕಲ್ಯಾಣದ ಬಿಜ್ಜಳನನ್ನೂ ಹಾಕಿ ನೋಡುತ್ತಿದ್ದಾನೆ. ಆ ಪ್ರಶ್ನೆಗೆ ಅಲ್ಲಿ ಕೊಟ್ಟ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಅದಕ್ಕಾಗಿ ಈ ಬರಹ.

ಗ್ರೀಕ್ ಕಥೆಗಳನ್ನು ಸಿನಿಮಾ ಮಾಡುವವರು ಕಥೆಯನ್ನು ಎಷ್ಟು ಬದಲಿಸಿದರು, ಯಾವ ದೇವರನ್ನು ಬಿಟ್ಟರು, ಯಾವ ಆಯುಧ ತಪ್ಪಾಗಿ ತೋರಿಸಿದರು ಎಂದು ಲೆಕ್ಕ ಹಾಕುವ ವಿಮರ್ಶೆಗಳು ಬೇಕಾದಷ್ಟಿವೆ. ಅಂಥ ಲೆಕ್ಕದಿಂದ ಹೆಚ್ಚು ಪ್ರಯೋಜನವಿಲ್ಲ. ಪುರಾಣವನ್ನು ಹೇಳುವವರೆಲ್ಲ ಬದಲಿಸಿಯೇ ಹೇಳಿದ್ದಾರೆ. ಹೋಮರನ ಕಥೆಯನ್ನು ಗ್ರೀಸಿನ ನಾಟಕಕಾರರೇ ಬೇಕಾದಂತೆ ತಿದ್ದಿಕೊಂಡರು. ವ್ಯಾಸರ ಕಥೆಯನ್ನು ನಮ್ಮ ಪಂಪ ತಿದ್ದಿಕೊಳ್ಳಲಿಲ್ಲವೇ? ನಾನು ಕೇಳಬೇಕೆಂದಿರುವುದು ಬೇರೆ ಪ್ರಶ್ನೆ. ಸೋತವನಿಗೆ ಈ ಸಿನಿಮಾಗಳು ಒಂದು ಮುಖ ಕೊಡುತ್ತವೆಯೇ ಇಲ್ಲವೇ?

ಝ್ಯಾಕ್ ಸ್ನೈಡರ್ ನಿರ್ದೇಶಿಸಿದ '300' ತೆರೆಕಂಡದ್ದು 2006-07ರಲ್ಲಿ. ಫ್ರ್ಯಾಂಕ್ ಮಿಲ್ಲರ್‌ನ ಚಿತ್ರಕಥಾ ಪುಸ್ತಕ ಅದಕ್ಕೆ ಮೂಲ. ಕ್ರಿ.ಪೂ. 480ರಲ್ಲಿ ಥರ್ಮೊಪಿಲೆಯ ಇಕ್ಕಟ್ಟಿನ ಕಣಿವೆಯಲ್ಲಿ ಸ್ಪಾರ್ಟಾದ ಲಿಯೊನಿದಾಸ್ ಪರ್ಷಿಯಾದ ಸೈನ್ಯವನ್ನು ತಡೆದು ಸತ್ತದ್ದು ಇತಿಹಾಸ, ಪುರಾಣವಲ್ಲ. ಆದರೆ ಸಿನಿಮಾ ಅದನ್ನು ಪುರಾಣ ಮಾಡಿತು. ಪರ್ಷಿಯನ್ ಅಂಗರಕ್ಷಕರ ಬೆಳ್ಳಿಯ ಮುಖವಾಡ ಕಳಚಿದರೆ ಒಳಗೆ ಮನುಷ್ಯನ ಮುಖವಿಲ್ಲ, ವಿಕಾರ ಪ್ರಾಣಿಯ ಮುಖವಿದೆ. ದಾರಿ ತೋರಿಸಿ ದ್ರೋಹ ಬಗೆದ ಎಫಿಯಾಲ್ಟಿಸ್ ಗೂನುಬೆನ್ನಿನ ಅಂಗವಿಕಲ. ಇತಿಹಾಸಕಾರ ಹೆರೊಡೋಟಸ್ ಅವನಿಗೆ ಅಂಥ ಯಾವ ಗೂನೂ ಕೊಟ್ಟಿಲ್ಲ, ಅವನು ದುಡ್ಡಿನಾಸೆಯ ಒಬ್ಬ ಸ್ಥಳೀಯ. ಮತ್ತೆ ಸ್ವಾತಂತ್ರ್ಯ, ಸ್ವಾತಂತ್ರ್ಯ ಎಂದು ಸ್ಪಾರ್ಟಾದವರು ಸಿನಿಮಾದುದ್ದಕ್ಕೂ ಕೂಗುತ್ತಾರಷ್ಟೆ, ಅವರ ಹೊಲ ಉಳುತ್ತಿದ್ದ ಹೆಲಟ್ ಎಂಬ ಜೀತದ ಜನ ಇಡೀ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. 2007ರಲ್ಲಿ ಇರಾನ್ ಸರಕಾರ ಈ ಚಿತ್ರಕ್ಕೆ ಬಹಿರಂಗವಾಗಿ ಆಕ್ಷೇಪ ಎತ್ತಿತು. ಇರಾಕಿನ ಮೇಲೆ ಯುದ್ಧ ನಡೆದಿದ್ದ, ಮುಂದಿನ ಸರದಿ ಇರಾನಿನದೇ ಎಂಬ ಮಾತು ಹರಡಿದ್ದ ದಿನಗಳವು.

ಆ ಪರ್ಷಿಯನ್ನರು ಮುಸ್ಲಿಮರಲ್ಲ. ಇಸ್ಲಾಂ ಬರಲು ಇನ್ನೂ ಸಾವಿರ ವರ್ಷವಿತ್ತು. ಆದರೆ ತೆರೆಯ ಮೇಲಿನ ಪೇಟ, ಮುಸುಕು, ಕಪ್ಪು ಬಟ್ಟೆ ಇವೆಲ್ಲ ಇವತ್ತಿನ ಟಿ.ವಿ. ಸುದ್ದಿಯಿಂದ ಎತ್ತಿಕೊಂಡವು. ನೋಡುವವನಿಗೆ ಶತಮಾನಗಳ ಲೆಕ್ಕ ಯಾರು ಕೊಡುತ್ತಾರೆ? ಇಳಕಲ್ಲಿನ ನಮ್ಮ ಹುಡುಗ, ತನ್ನ ಅಜ್ಜನಂತೆಯೇ ಪೇಟ ಸುತ್ತಿದ ಮನುಷ್ಯ ಬಂಡೆಯಿಂದ ಉರುಳಿ ಬೀಳುವಾಗ ತೊಡೆ ತಟ್ಟುತ್ತಾನೆ. ಆ ಸಿನಿಮಾದ ಸಾಮರ್ಥ್ಯ ಅಷ್ಟರಮಟ್ಟಿಗಿದೆ, ಅದನ್ನು ಒಪ್ಪಿಕೊಳ್ಳಬೇಕು.

ಈಗ ಇದೇ ಯುದ್ಧದ ಬಗ್ಗೆ ಒಬ್ಬ ಗ್ರೀಕನೇ ಬರೆದದ್ದನ್ನು ನೋಡೋಣ. ಈಸ್ಕಿಲಸ್ ಪರ್ಷಿಯನ್ನರ ಎದುರು ಸ್ವತಃ ಕಾದಾಡಿದವನು. ಮ್ಯಾರಥಾನ್ ರಣರಂಗದಲ್ಲಿ ಅವನ ಅಣ್ಣತಮ್ಮಂದಿರಲ್ಲಿ ಒಬ್ಬ ಸತ್ತಿದ್ದ. ಥರ್ಮೊಪಿಲೆಯ ಬಳಿಕ ಅದೇ ವರ್ಷ ಸಲಾಮಿಸ್ ಕೊಲ್ಲಿಯಲ್ಲಿ ಪರ್ಷಿಯಾದ ನೌಕಾಬಲ ನುಚ್ಚುನೂರಾಯಿತು. ಎಂಟು ವರ್ಷ ಕಳೆದು, ಕ್ರಿ.ಪೂ. 472ರಲ್ಲಿ, ಅದೇ ಅಥೆನ್ಸಿನ ಜನರ ಮುಂದೆ ಅವನು ಆಡಿಸಿದ ನಾಟಕದಲ್ಲಿ ರಂಗದ ಮೇಲೆ ಒಬ್ಬ ಗ್ರೀಕನೂ ಇಲ್ಲ. ನಾಟಕ ನಡೆಯುವುದು ಶತ್ರುವಿನ ರಾಜಧಾನಿ ಸೂಸಾದಲ್ಲಿ. ಮಗನ ಸುದ್ದಿಗಾಗಿ ಕಾಯುವ ರಾಜಮಾತೆ, ಹಿರಿಯರ ಮೇಳ, ಸತ್ತವರ ಹೆಸರನ್ನು ಒಂದೊಂದಾಗಿ ಹೇಳುವ ದೂತ, ಗೋರಿಯಿಂದ ಎದ್ದುಬರುವ ತಂದೆ ದಾರಿಯಸ್ಸನ ಪ್ರೇತ, ಕೊನೆಗೆ ಹರಿದ ಬಟ್ಟೆಯಲ್ಲಿ ಒಬ್ಬನೇ ಬಂದು ಗೋಳಾಡುವ ಝರ್ಕ್ಸಿಸ್. ತಮ್ಮ ಊರಿಗೆ ಬೆಂಕಿ ಹಚ್ಚಿದ ರಾಜನ ತಾಯಿಯ ಸಂಕಟವನ್ನು ಗೆದ್ದವರು ಕೂತು ನೋಡಿದರು, ಮೊದಲ ಬಹುಮಾನವನ್ನೂ ಕೊಟ್ಟರು. ಇಡೀ ರೂಪದಲ್ಲಿ ನಮಗೆ ಉಳಿದು ಬಂದಿರುವ ಗ್ರೀಕ್ ನಾಟಕಗಳಲ್ಲಿ ಇದೇ ಅತಿ ಹಳೆಯದು.

ಎಡ್ವರ್ಡ್ ಸಯೀದ್ ತಮ್ಮ 'ಓರಿಯಂಟಲಿಸಂ' ಪುಸ್ತಕದಲ್ಲಿ ಈ ನಾಟಕದ ಮೇಲೆ ಒಂದು ಆರೋಪ ಹೊರಿಸಿದ್ದಾರೆ. ಇಲ್ಲಿ ಏಷ್ಯಾ ಮಾತಾಡುವುದು ಯುರೋಪಿನ ಕಲ್ಪನೆಯ ಬಾಯಿಂದ, ಅದೂ ಸೋಲು ಮತ್ತು ಗೋಳಿನ ಮಾತನ್ನು ಎಂಬುದು ಅವರ ವಾದ. ಇದನ್ನು ತಳ್ಳಿಹಾಕುವಂತಿಲ್ಲ. ಶತ್ರು ಅಳುವುದನ್ನು ನೋಡುವುದರಲ್ಲೂ ಗೆದ್ದವನಿಗೆ ಒಂದು ಸುಖವಿರುತ್ತದೆ. ಆದರೂ ಶತ್ರುವಿಗೆ ಅಳುವ ತಾಯಿ ಇದ್ದಾಳೆ ಎಂದು ಒಪ್ಪುವುದಕ್ಕೂ, ಅವನ ಮುಖವಾಡದ ಹಿಂದೆ ಮುಖವೇ ಇಲ್ಲ ಎನ್ನುವುದಕ್ಕೂ ಇರುವ ಅಂತರ ಸಣ್ಣದಲ್ಲ. 2014ರಲ್ಲಿ '300'ರ ಮುಂದಿನ ಭಾಗ ಬಂತು. ಅದರ ವಿಷಯ ಈಸ್ಕಿಲಸ್‌ನದೇ, ಸಲಾಮಿಸ್ ಯುದ್ಧ. ಮ್ಯಾರಥಾನಿನ ಹೊತ್ತಿಗೆ ಗ್ರೀಕರ ಬಾಣಕ್ಕೆ ದಾರಿಯಸ್ ಬಲಿಯಾದನೆಂದು ಅದರಲ್ಲಿ ತೋರಿಸುತ್ತಾರೆ. ನಿಜಕ್ಕೂ ಅವನು ಸತ್ತದ್ದು ಹಲವು ವರ್ಷಗಳ ಮೇಲೆ, ತನ್ನ ನಾಡಿನಲ್ಲೇ. ಗೋರಿಯಿಂದ ಎದ್ದು ಬಂದು ಮಗನ ಅಹಂಕಾರವನ್ನು ಖಂಡಿಸಿದ್ದ ಆ ಮುದುಕ ರಾಜ ಇಲ್ಲಿ ಒಂದು ಬಾಣದ ಗುರಿ ಮಾತ್ರ.

ಇದನ್ನೆಲ್ಲ ದೂರದ ಮಾತೆಂದುಕೊಳ್ಳಬೇಡಿ. ಈಸ್ಕಿಲಸ್‌ನ ಆ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು 'ಪಾರಸಿಕರು' ಎಂದು ಕನ್ನಡಕ್ಕೆ ತಂದಿದ್ದಾರೆ. ಅದಕ್ಕೂ ಮೊದಲೇ, 1926ರಲ್ಲಿ, ಅವರು ಮಾಡಿದ ಇನ್ನೊಂದು ಕೆಲಸ ನನ್ನ ಕಣ್ಣಿಗೆ ಇನ್ನೂ ದೊಡ್ಡದು. ಗ್ರೀಕ್ ದುರಂತ ನಾಟಕದ ಗುಣವನ್ನು ಕನ್ನಡದೊಳಗೇ ಹುಡುಕಹೊರಟ ಶ್ರೀಯವರ ಕಣ್ಣು ನಿಂತದ್ದು ರನ್ನನ ಮೇಲೆ. ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕಂ' ಹುಟ್ಟಿತು. ರನ್ನ ನಮ್ಮ ಮುಧೋಳದವನು, ಬಳೆಗಾರರ ಮನೆಯ ಮಗ. ಮುಧೋಳವನ್ನು ದಾಟಿ ಬರುವ ಘಟಪ್ರಭೆ ಕೃಷ್ಣೆಗೆ ಸೇರುವ ಚಿಕ್ಕಸಂಗಮ ಕೂಡಲಸಂಗಮಕ್ಕೆ ಬಹಳ ದೂರವಿಲ್ಲ.

ರನ್ನನ ಸ್ಥಿತಿಯನ್ನು ಯೋಚಿಸಿ. ಅವನಿಗೆ ಅನ್ನ ಕೊಟ್ಟ ದೊರೆ ಚಾಲುಕ್ಯರ ಸತ್ಯಾಶ್ರಯ. ಆ ದೊರೆಯನ್ನೇ ಭೀಮನೆಂದು ಸಮೀಕರಿಸಿ 'ಸಾಹಸಭೀಮ ವಿಜಯ' ಎಂದು ಕಾವ್ಯಕ್ಕೆ ಹೆಸರಿಟ್ಟ. ಎಂದರೆ ಕವಿ ಗೆದ್ದವನ ಮನೆಯವನು. ಆದರೆ ಕಾವ್ಯ ಓದಿದವನ ಎದೆಯಲ್ಲಿ ನಿಲ್ಲುವುದು ಭೀಮನಲ್ಲ, ದುರ್ಯೋಧನ. ಹದಿನೆಂಟು ದಿನದ ಯುದ್ಧ ಮುಗಿಯುತ್ತಿದೆ. ಹೆಣಗಳ ನಡುವೆ ದುರ್ಯೋಧನ ನಡೆದು ಬರುತ್ತಾನೆ. ಗುರು ದ್ರೋಣನ ಹೆಣ ಕಾಣುತ್ತದೆ, ತಮ್ಮ ದುಶ್ಶಾಸನನದು ಕಾಣುತ್ತದೆ, ಪ್ರಾಣಮಿತ್ರ ಕರ್ಣನದು ಕಾಣುತ್ತದೆ. ನಡುವೆ ಅಭಿಮನ್ಯುವಿನದೂ ಕಾಣುತ್ತದೆ. ಆ ಎಳೆಯ ಶತ್ರುವಿನ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ, ತನಗೂ ಅಂಥ ಸಾವು ಬರಲಿ ಎಂದುಕೊಳ್ಳುತ್ತಾನೆ. ಸೂಸಾದ ಅರಮನೆಯಲ್ಲಿ ಗ್ರೀಕನೊಬ್ಬ ಕಂಡದ್ದನ್ನೇ ಕುರುಕ್ಷೇತ್ರದಲ್ಲಿ ಮುಧೋಳದವನು ಕಂಡ. ಒಬ್ಬನ ಕೃತಿ ಇನ್ನೊಬ್ಬನಿಗೆ ಗೊತ್ತಿರುವ ಸಂಭವವೇ ಇಲ್ಲ.

ಶ್ರೀಯವರು ಇಷ್ಟಕ್ಕೇ ನಿಲ್ಲಿಸಲಿಲ್ಲ. ಸೊಫೋಕ್ಲಿಸನ 'ಏಜಾಕ್ಸ್' ನಾಟಕವನ್ನು ತೆಗೆದುಕೊಂಡು 1929ರಲ್ಲಿ 'ಅಶ್ವತ್ಥಾಮನ್' ಬರೆದರು. ನಮ್ಮ ಪರಂಪರೆಯಲ್ಲಿ ಅಶ್ವತ್ಥಾಮ ಚಿರಂಜೀವಿ. ಅವನನ್ನು ಶ್ರೀಯವರು ರಂಗದ ಮೇಲೆ ಸಾಯಿಸಿದರು. ಆ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ. ಮೂಲ ನಾಟಕದಲ್ಲಿ ಏಜಾಕ್ಸನ ಹೆಣವನ್ನು ಹೂಳಕೂಡದೆಂದು ಪಡೆಯ ನಾಯಕರು ಹಟ ಹಿಡಿದಾಗ, ಹೂಳಲೇಬೇಕೆಂದು ವಾದಿಸುವವನು ಅವನ ಕಡುವೈರಿ ಒಡಿಸ್ಯೂಸ್. ಇದನ್ನು ಓದಿದ ಮೇಲೂ 'ಶತ್ರುವಿನ ಹೆಣಕ್ಕೇನು ಮರ್ಯಾದೆ' ಎಂದು ಕೇಳುವವರ ಜೊತೆ ವಾದ ಮಾಡುವುದು ನನ್ನಿಂದಾಗದು.

ಹಾಲಿವುಡ್ಡಿನವರೆಲ್ಲ '300'ರ ದಾರಿ ಹಿಡಿದರೆಂದು ಹೇಳುವುದು ಅನ್ಯಾಯವಾದೀತು. ವೋಲ್ಫ್‌ಗ್ಯಾಂಗ್ ಪೀಟರ್ಸನ್‌ನ 'ಟ್ರಾಯ್' (2004) ಅನೇಕ ವಿಷಯಗಳಲ್ಲಿ ಬಡಕಲು ಚಿತ್ರ. ಹತ್ತು ವರ್ಷದ ಯುದ್ಧ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ದೇವತೆಗಳನ್ನು ಹೊರಗೆ ಕಳಿಸಿದ್ದಾರೆ. ಮನುಷ್ಯರ ಜಗಳವನ್ನು ಮನುಷ್ಯರಿಗೇ ಬಿಟ್ಟದ್ದು ತಪ್ಪೇನಲ್ಲ, ಆದರೆ ಆ ಜಾಗದಲ್ಲಿ ತುಂಬಿಸಿದ ಪ್ರೇಮಕಥೆಗೆ ಆ ಭಾರ ಹೊರುವ ಶಕ್ತಿಯಿಲ್ಲ. ಇದಕ್ಕಿಂತ ಕೆಟ್ಟದ್ದೆಂದರೆ ದುರಾಸೆಯ ಅಗಮೆಮ್ನಾನ್ ಟ್ರಾಯ್ ನಗರದಲ್ಲೇ ಕೊಲೆಯಾಗುತ್ತಾನೆ. ಮೂಲದಲ್ಲಿ ಅವನು ಗೆದ್ದು ಊರಿಗೆ ಮರಳುತ್ತಾನೆ. ಯುದ್ಧಕ್ಕಾಗಿ ಬಲಿಕೊಟ್ಟ ಮಗಳು ಇಫಿಜಿನಿಯಾಳ ಲೆಕ್ಕವನ್ನು ಅಲ್ಲಿ ಹೆಂಡತಿ ಚುಕ್ತಾ ಮಾಡುತ್ತಾಳೆ. ಗೆಲುವಿನ ಬೆಲೆಯನ್ನು ಸ್ವಂತ ಮನೆಯಲ್ಲಿ ತೆರಬೇಕಾಗುತ್ತದೆ ಎಂಬ ಆ ಕಥೆಯನ್ನೇ ಚಿತ್ರ ಕತ್ತರಿಸಿ ಹಾಕಿತು. ಖಳನನ್ನು ಕೊಂದು ಪ್ರೇಕ್ಷಕನನ್ನು ನೆಮ್ಮದಿಯಿಂದ ಮನೆಗೆ ಕಳಿಸಿತು.

ಆದರೆ ಒಂದು ದೃಶ್ಯ ಎಲ್ಲವನ್ನೂ ಉಳಿಸುತ್ತದೆ. ಮಗ ಹೆಕ್ಟರನ ಹೆಣ ಬೇಡಲು ಮುದುಕ ಪ್ರಿಯಾಮ್ ರಾತ್ರಿ ಶತ್ರುವಿನ ಡೇರೆಗೆ ಬರುತ್ತಾನೆ, ಮಗನನ್ನು ಕೊಂದ ಕೈಗೇ ಮುತ್ತಿಡುತ್ತಾನೆ. ಪೀಟರ್ ಓಟೂಲ್ ಆ ಕೆಲವು ನಿಮಿಷದಲ್ಲಿ ಮಾಡಿದ್ದನ್ನು ಇಡೀ ಚಿತ್ರದ ಹಡಗು, ಕುದುರೆ, ಕೋಟೆ ಎಲ್ಲ ಸೇರಿಯೂ ಮಾಡಲಿಲ್ಲ. ಹೋಮರ್ ಬರೆದದ್ದನ್ನು ಇಲ್ಲಿ ಹೆಚ್ಚು ತಿದ್ದಲು ಹೋಗಲಿಲ್ಲ, ಒಳ್ಳೆಯದಾಯಿತು.

ಗ್ರೀಕರೇ ಆದ ಮೈಕೆಲ್ ಕಕೊಯಾನಿಸ್ 1971ರಲ್ಲಿ 'ದಿ ಟ್ರೋಜನ್ ವಿಮೆನ್' ಮಾಡಿದಾಗ ಅವರ ದೇಶದಲ್ಲಿ ಸೇನಾಧಿಕಾರಿಗಳ ಆಡಳಿತವಿತ್ತು. ಚಿತ್ರೀಕರಣ ನಡೆದದ್ದು ಸ್ಪೇನಿನಲ್ಲಿ. ಸುಟ್ಟ ನಗರದ ಗೋಡೆಯ ಕೆಳಗೆ ಕೂತ ಹೆಂಗಸರು, ಯಾರು ಯಾರ ಪಾಲಿಗೆ ಗುಲಾಮರಾಗಿ ಹೋಗಬೇಕೆಂಬ ಲೆಕ್ಕಾಚಾರ, ಗೋಡೆಯಿಂದ ಎಸೆದು ಕೊಂದ ಮಗುವಿನ ಹೆಣ. ಇಡೀ ಚಿತ್ರ ಇಷ್ಟೇ. ಯುದ್ಧದ ಒಂದು ಹೊಡೆದಾಟವೂ ಇಲ್ಲ. ಯೂರಿಪಿಡಿಸ್ ಆ ನಾಟಕವನ್ನು ಆಡಿಸಿದ್ದು ಕ್ರಿ.ಪೂ. 415ರಲ್ಲಿ. ಅದರ ಹಿಂದಿನ ವರ್ಷವೇ ಅಥೆನ್ಸಿನವರು ಮೆಲೋಸ್ ದ್ವೀಪದ ಗಂಡಸರನ್ನು ಕೊಂದು ಹೆಂಗಸರನ್ನೂ ಮಕ್ಕಳನ್ನೂ ಮಾರಿದ್ದರು. ಟ್ರಾಯ್ ನೆಪದಲ್ಲಿ ಅವನು ತನ್ನ ಊರಿನವರ ಮುಖಕ್ಕೇ ಕನ್ನಡಿ ಹಿಡಿದ. ಪುರಾಣವನ್ನು ಮರುಹೇಳುವುದು ಎಂದರೆ ನನಗೆ ಇದು.

ನಮ್ಮ ಸಿನಿಮಾಕ್ಕೆ ಬರೋಣ. ಕನ್ನಡದ ಹಳೆಯ ಪೌರಾಣಿಕ ಚಿತ್ರಗಳನ್ನು ನಗೆಯಾಡುವವರು ಒಂದು ಸಂಗತಿ ಮರೆಯುತ್ತಾರೆ. ನಾಡು ತಲೆಯ ಮೇಲೆ ಹೊತ್ತು ಮೆರೆಸಿದ ನಟ ರಾಜಕುಮಾರ್ 'ಭೂಕೈಲಾಸ'ದಲ್ಲಿ (1958) ರಾವಣ, 'ಮಹಿಷಾಸುರ ಮರ್ದಿನಿ'ಯಲ್ಲಿ (1959) ಮಹಿಷಾಸುರ, 'ಭಕ್ತ ಪ್ರಹ್ಲಾದ'ದಲ್ಲಿ (1983) ಹಿರಣ್ಯಕಶಿಪು. ಆ ಕೊನೆಯ ಚಿತ್ರದಲ್ಲಿ ಪ್ರಹ್ಲಾದ ಅವರದೇ ಮಗ ಪುನೀತ್. ಸೋಲಲೇಬೇಕಾದವನಿಗೆ ನಾಡಿನ ಅತ್ಯುತ್ತಮ ಕಂಠವನ್ನು ಕೊಟ್ಟರು. ದೇವರ ವಿರುದ್ಧ ಮಾತಾಡುವವನ ಮಾತಿಗೂ ಜನ ಶಿಳ್ಳೆ ಹೊಡೆದರು. ಅವನು ಸತ್ತಾಗ ಯಾರಿಗೂ ಬೇಸರವಾಗಲಿಲ್ಲ ಎನ್ನುವಂತಿಲ್ಲ. ಬಯಲಾಟ, ಯಕ್ಷಗಾನದ ರಾಕ್ಷಸ ವೇಷಗಳಿಂದ ಬಂದ ಗುಣವಿದು ಎಂದು ಕಾಣುತ್ತದೆ.

'ಬಬ್ರುವಾಹನ'ದಲ್ಲಿ (1977) ತಂದೆ ಅರ್ಜುನನೂ ಅವರೇ, ತಂದೆಯನ್ನು ಕೊಲ್ಲುವ ಮಗನೂ ಅವರೇ. ಈ ಕಥೆಯನ್ನು ಗ್ರೀಕರ ಕೈಗೆ ಕೊಟ್ಟಿದ್ದರೆ ಅಲ್ಲಿಗೆ ಕಣ್ಣು ಕಿತ್ತುಕೊಂಡು ಮುಗಿಯುತ್ತಿತ್ತು. ನಮ್ಮಲ್ಲಿ ನಾಗಲೋಕದ ಮಣಿ ಬಂದು ಸತ್ತವನನ್ನು ಎಬ್ಬಿಸುತ್ತದೆ. ಇದು ನಮ್ಮ ದೌರ್ಬಲ್ಯ ಎಂದು ಕೆಲವರು ಬರೆದಿದ್ದಾರೆ. ಎಲ್ಲ ಕಥೆಯೂ ಹೆಣದಲ್ಲೇ ಮುಗಿಯಬೇಕೆಂಬ ನಿಯಮ ಎಲ್ಲಿದೆ? ಇದೇ ಉತ್ತರ ಕರ್ನಾಟಕದ ಕಡೆ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಜನಪದ ಕಥೆಯಿದೆ. ಮಗನನ್ನೇ ಮದುವೆಯಾಗುವ ಹಣೆಬರಹದ ಹುಡುಗಿಯ ಕಥೆ. ಈಡಿಪಸ್ಸನ ಕಥೆಯನ್ನು ತಾಯಿಯ ಕಡೆಯಿಂದ ಹೇಳಿದಂತಿದೆ, ಅದು ಮುಗಿಯುವುದು ಅವಳ ಸಾವಿನಲ್ಲೇ. ಕಡೆಯವರೆಗೂ ಹೋಗಬೇಕಾದಲ್ಲಿ ನಮ್ಮ ಹೆಂಗಸರು ಹೋಗಿದ್ದಾರೆ.

2019ರಲ್ಲಿ ರನ್ನನ 'ಗದಾಯುದ್ಧ'ವನ್ನು ಆಧರಿಸಿದ್ದೆಂದು ಹೇಳಿಕೊಂಡು 'ಕುರುಕ್ಷೇತ್ರ' ಬಂತು. ನಾಗಣ್ಣ ನಿರ್ದೇಶನ, ದರ್ಶನ್ ದುರ್ಯೋಧನ, ಅರ್ಜುನ್ ಸರ್ಜಾ ಕರ್ಣ, ತೀರಿಕೊಂಡ ಅಂಬರೀಶ್ ಭೀಷ್ಮನಾಗಿ ಕೊನೆಯದಾಗಿ ಕಾಣಿಸಿಕೊಂಡರು. ದುರ್ಯೋಧನನೇ ನಾಯಕ ಎಂದು ಕೇಳಿ ಆಸೆಯಿಂದ ಹೋದವನು ನಾನು. ಏನು ನಡೆಯಿತೆಂದರೆ, ದುರ್ಯೋಧನ ನಾಯಕನಾದ ನಿಜ, ಆದರೆ ಸೋತವನಾಗಲಿಲ್ಲ. ರನ್ನನ ಕಾವ್ಯ ಯುದ್ಧದ ಕೊನೆಯಲ್ಲಿ ನಿಂತು ಸಿಂಹದಂತೆ ಹಿಂತಿರುಗಿ ನೋಡುತ್ತದೆ. ಸಿನಿಮಾ ರಾಜಸೂಯ, ಜೂಜು, ಸಂಧಾನ ಎಂದು ಒಂದಾದ ಮೇಲೊಂದು ಕಂತು ಕಟ್ಟುತ್ತದೆ, ಪ್ರತಿ ನಟನಿಗೂ ಅವನ ಪಾಲಿನ ಪ್ರವೇಶ ಕೊಡುತ್ತದೆ. ಎಲ್ಲ ವೈಭವವೂ ಕಳೆದುಹೋದ ಮೇಲೆ ಒಬ್ಬ ಮನುಷ್ಯನಲ್ಲಿ ಏನು ಉಳಿಯುತ್ತದೆ ಎಂಬುದು ರನ್ನನ ಪ್ರಶ್ನೆ. ಇಲ್ಲಿ ವೈಭವ ಕಳೆಯುವುದೇ ಇಲ್ಲ. ಅಭಿಮಾನಿಗಳ ಮುಂದೆ ತಮ್ಮ ನಟ ಹೆಣಗಳ ನಡುವೆ ದಿಕ್ಕುಗೆಟ್ಟು ಅಳುತ್ತ ನಡೆಯುವುದನ್ನು ಹೊತ್ತುಗಟ್ಟಲೆ ತೋರಿಸುವ ಧೈರ್ಯ ಯಾವ ನಿರ್ಮಾಪಕನಿಗಿದೆ? ಖಳನನ್ನು ನಾಯಕ ಮಾಡಿದರೆ ಸಾಕು, ಅವನಿಗೆ ನ್ಯಾಯ ಸಿಕ್ಕಿತು ಎಂಬ ತಿಳಿವಳಿಕೆ ಈಚಿನ ಅನೇಕ ಚಿತ್ರಗಳಲ್ಲಿದೆ. '300' ಸೋತವನ ಮುಖ ಕಿತ್ತುಕೊಂಡಿತು, ಈ ಚಿತ್ರ ಅವನ ಸೋಲನ್ನೇ ಕಿತ್ತುಕೊಂಡಿತು. ಎರಡರಲ್ಲೂ ರನ್ನನಿಗೆ ಜಾಗವಿಲ್ಲ.

ಮತ್ತೆ ಬಿಜ್ಜಳ. 'ಜಗಜ್ಯೋತಿ ಬಸವೇಶ್ವರ' ಬಂದದ್ದು 1959ರಲ್ಲಿ, ನಿರ್ದೇಶಕ ಟಿ.ವಿ. ಸಿಂಗ್ ಠಾಕೂರ್. ಬಸವಣ್ಣನಾಗಿ ಹೊನ್ನಪ್ಪ ಭಾಗವತರ್, ಬಿಜ್ಜಳನಾಗಿ ರಾಜಕುಮಾರ್. ಪಾತ್ರ ಹಂಚಿಕೆಯಲ್ಲೇ ಒಂದು ತೀರ್ಮಾನವಿದೆ. ಬಸವಣ್ಣನ ಎದುರು ನಿಲ್ಲುವವನು ಕಿರುಚುವ ಗೊಂಬೆಯಾಗಬಾರದು, ಅವನಿಗೂ ತೂಕವಿರಬೇಕು. 1983ರಲ್ಲಿ 'ಕ್ರಾಂತಿಯೋಗಿ ಬಸವಣ್ಣ' ಬಂತು. ಶರಣರ ಪುರಾಣಗಳಲ್ಲಿ ಬಿಜ್ಜಳ ತಪ್ಪಿತಸ್ಥ. ಬ್ರಾಹ್ಮಣ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಮದುವೆ ಮಾಡಿಸಿದ್ದಕ್ಕೆ ಆ ಇಬ್ಬರು ತಂದೆಯರಿಗೆ ಘೋರ ಶಿಕ್ಷೆ ಕೊಟ್ಟ ರಾಜ. ಜೈನ ಪರಂಪರೆಯ 'ಬಿಜ್ಜಳರಾಯ ಚರಿತೆ' ಓದಿದರೆ ಕಥೆ ತಿರುವುಮುರುವು, ಅಲ್ಲಿ ಕೊಲೆಯಾದ ರಾಜನ ಕಡೆ ನ್ಯಾಯವಿದೆ. ಎರಡೂ ಕನ್ನಡದವೇ. ಎರಡನ್ನೂ ಓದಿದವರು ಗಿರೀಶ ಕಾರ್ನಾಡರು. 1990ರ 'ತಲೆದಂಡ'ದಲ್ಲಿ ಅವರ ಬಿಜ್ಜಳ ಕ್ಷೌರಿಕ ಮೂಲದವನು. ಕ್ಷತ್ರಿಯನೆಂಬ ಪಟ್ಟವನ್ನು ದುಡ್ಡು ಸುರಿದು ಪಡೆದರೂ ಚರ್ಮದಿಂದ ಜಾತಿ ಹೋಗಲಿಲ್ಲ ಎಂದು ಕೊರಗುವವನು, ಬಸವಣ್ಣನನ್ನು ಪ್ರೀತಿಸುವವನು. ಆ ಶಿಕ್ಷೆಯ ಕ್ರೌರ್ಯವನ್ನು ಕಾರ್ನಾಡರು ಒಂದಿಷ್ಟೂ ಕಡಿಮೆ ಮಾಡಿಲ್ಲ. ಶತ್ರುವಿಗೆ ಮುಖ ಕೊಡುವುದೆಂದರೆ ಅವನ ತಪ್ಪನ್ನು ಮನ್ನಿಸುವುದಲ್ಲ. ಹರಳಯ್ಯನ ಸಾವು ಇನ್ನೂ ಭಾರವಾಗುವುದು ಅದನ್ನು ಮಾಡಿಸಿದವನು ಮನುಷ್ಯನಾಗಿದ್ದಾಗಲೇ. ವಿಕಾರ ಪ್ರಾಣಿ ಕೊಂದರೆ ಅದು ಬರೀ ಅಪಘಾತ.

ಹೆರೊಡೋಟಸನನ್ನು ಪ್ಲುಟಾರ್ಕ್ 'ಪರಕೀಯರ ಪ್ರೇಮಿ' ಎಂದು ಬೈದನಂತೆ. ಪರ್ಷಿಯನ್ನರ ಬಗ್ಗೆ ಒಳ್ಳೆಯ ಮಾತು ಬರೆದದ್ದಕ್ಕೆ. ಆ ಬೈಗುಳ ಇನ್ನೂ ಚಾಲ್ತಿಯಲ್ಲಿದೆ, ನಮ್ಮ ನಾಡಿನಲ್ಲಿ ಬರೆಯುವವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ.

ಸಂಗಮದ ದಡದಲ್ಲಿ ನಾನು ಹುಡುಗನಿಗೆ ಕೊಟ್ಟ ಉತ್ತರ ಇಷ್ಟೇ: "ಇಲ್ಲೋ, ಬಿಜ್ಜಳ ನಿನ್ನ ನನ್ನಂಗ ಇದ್ದ." ಅವನಿಗೆ ಅದು ರುಚಿಸಲಿಲ್ಲ. ಆಮೇಲೆ ನದಿಯ ಆಚೆ ಕೈತೋರಿಸಿ ಅಲ್ಲೇನಿದೆ ಎಂದು ಕೇಳಿದ. ಆಚೆ ದಡಕ್ಕೆ ತಂಗಡಗಿ, ಬಸವಣ್ಣನ ಮಡದಿ ನೀಲಾಂಬಿಕೆ ಐಕ್ಯಳಾದ ಸ್ಥಳ ಎಂದೆ. ಗಂಡ ಕರೆಕಳಿಸಿದಾಗ ಹೊರಟು ಬಂದವಳು, ಅಲ್ಲಿರುವ ಸಂಗಯ್ಯ ಇಲ್ಲಿಯೂ ಇದ್ದಾನಲ್ಲ ಎಂದು ಆ ದಡದಲ್ಲೇ ಉಳಿದಳೆಂದು ಜನ ಹೇಳುವುದನ್ನೂ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ನೀರು ನೋಡುತ್ತ ಕುಳಿತ.

"ಆಕಿ ಮ್ಯಾಲೆ ಪಿಚ್ಚರ್ ಮಾಡ್ಯಾರೇನ ಮಾಮಾ?" ಎಂದು ಕೇಳಿದ. ಹುನಗುಂದದ ಬಸ್ಸಿಗೆ ಹೊತ್ತಾಗಿತ್ತು, ಎದ್ದೆವು.